ಮೊಮ್ಮಗನ ತಲೆಗೊಂದು ಮುಂಡಾಸು

ನಮ್ಮ ಮನೆಯಲ್ಲಿ ಮೊಮ್ಮಗ ಮಲಗುವುದು ನನ್ನ ಪಕ್ಕದಲ್ಲಿ. ಅವನ ಅಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ ಸುಸ್ತಾಗಿ ಬರುವವರು. ಹಾಗಾಗಿ ರಾತ್ರಿ ಕಥೆ ಹೇಳುವ ಡ್ಯೂಟಿ ನನ್ನದು. ಕಥೆ ಮುಗಿಯುವ ಮೊದಲೇ ಅಜ್ಜ ಗೊರಕೆ ಹೊಡೆಯುತ್ತಾನೆ ಎಂಬುದು ಅವನ ಖಾಯಂ ದೂರು.

ಎರಡು ವರ್ಷದ ಹಿಂದಿನ ಮಾತು. ಅವನಿಗೆ ಆಗಷ್ಟೇ 8 ತುಂಬಿತ್ತು. ಒಂದು ದಿನ ಬೆಳಗಿನ ಜಾವ ಐದು ಗಂಟೆಯ ಹೊತ್ತಿಗೆ, ಗಂಟಲಲ್ಲಿ ನೀರು ಗುಳುಗುಳು ಎಂದ ಹಾಗೆ ಸದ್ದು ಕೇಳಿ ನನಗೆ ಎಚ್ಚರವಾಯಿತು. ಲೈಟು ಹಾಕಿ ನೋಡಿದೆ. ಹುಡುಗನ ಬಾಯಿ ಬಲಕ್ಕೆ ಎಳೆದ ಹಾಗಿತ್ತು. ಬಲಗೆನ್ನೆ ಪಟಪಟ ಅದುರುತ್ತಿತ್ತು. ಜೊಲ್ಲು ಸುರಿದು ದಿಂಬು ಒದ್ದೆಯಾಗಿತ್ತು. ಕಣ್ಣು ಮಾತ್ರ ತೆರೆದೇ ಇತ್ತು, ನನ್ನನ್ನೇ ನೋಡುತ್ತಿದ್ದ. "ಏನಾಯ್ತೋ ಪುಟ್ಟ?" ಎಂದೆ. ಏನೋ ಹೇಳಲು ಹೋದ, ಬರೀ ಸದ್ದು ಬಂತು. ಒಂದೆರಡು ನಿಮಿಷ ಆಗಿರಬಹುದು. ಆಮೇಲೆ ಎಲ್ಲ ನಿಂತು, ಮಗ್ಗುಲಾಗಿ ನಿದ್ದೆ ಹೋದ.

ಬೆಳಿಗ್ಗೆ ಎದ್ದವನು ನೇರವಾಗಿ ನನ್ನ ಹತ್ತಿರ ಬಂದ. "ಅಜ್ಜ, ನೀನು ಕೇಳಿದ್ದು ನಂಗೆ ಗೊತ್ತಾಯ್ತು. ಆದ್ರೆ ಮಾತಾಡೋಕೇ ಬರ್ಲಿಲ್ಲ. ನಾಲಿಗೆ ದಪ್ಪ ಆಗಿತ್ತು" ಅಂದ.

ಅವತ್ತು ಅವನಿಗೆ ಗಣಿತದ ಟೆಸ್ಟ್ ಇತ್ತು. "ಟೆಸ್ಟ್ ಇರೋ ದಿನವೇ ನಾಲಿಗೆ ದಪ್ಪ ಆಗುತ್ತಾ ಮರಿ?" ಎಂದು ನಾನು ನಕ್ಕುಬಿಟ್ಟೆ. ಈಗ ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ನಮ್ಮ ಮನೆಯವಳು ಜೊಲ್ಲಿನ ವಿಷಯ ಕೇಳಿ "ಜಂತುಹುಳು ಇರಬೇಕು" ಅಂದಳು. ಹುಳುವಿನ ಮಾತ್ರೆ ಕೊಟ್ಟಿದ್ದಾಯಿತು. ಮೂರು ವಾರದ ಮೇಲೆ ಮತ್ತೆ ಹಾಗೇ ಆಯಿತು. "ಕೆಟ್ಟ ಕನಸು, ಮೊಬೈಲು ಜಾಸ್ತಿ ನೋಡ್ತಾನೆ" ಎಂದು ಸೊಸೆ ಮೊಬೈಲು ಎತ್ತಿಟ್ಟಳು. ಮೂರನೆಯ ಸಲ ನನ್ನ ಕೂಗಿಗೆ ಮಗ ಓಡಿ ಬಂದ. ಅವನು ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದ. ಗಾಬರಿಯಲ್ಲೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡ. ಮಗು ಹಾಗೆ ಒದ್ದಾಡುವಾಗ ವಿಡಿಯೊ ಮಾಡುತ್ತಾನಲ್ಲ ಎಂದು ನನಗೆ ಸಿಟ್ಟು ಬಂದಿತ್ತು. ಮುಂದೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ದಾಖಲೆಗಳಲ್ಲಿ ಅದೂ ಒಂದು.

ಊರಿನ ಡಾಕ್ಟರು ಇಇಜಿ ಮಾಡಿಸಲು ಹೇಳಿದರು. ಮಧ್ಯಾಹ್ನ ಊಟ ಮುಗಿಸಿ ಹೋದೆವು. ತಲೆಗೆ ವೈರುಗಳನ್ನು ಅಂಟಿಸಿ ಸುಮಾರು ಅರ್ಧ ಗಂಟೆ ಮಲಗಿಸಿದರು. ಕಣ್ಣು ಮುಚ್ಚು, ತೆಗೆ, ಜೋರಾಗಿ ಉಸಿರಾಡು ಎಂದರು. ದೀಪ ಮಿನುಗಿಸಿದರು. ಹುಡುಗ ಪೂರ್ತಿ ಎಚ್ಚರವಾಗಿಯೇ ಇದ್ದ. ರಿಪೋರ್ಟ್ ನಾರ್ಮಲ್ ಎಂದು ಬಂತು. ದೇವರಿಗೆ ಕೈ ಮುಗಿದು, ಬರುವ ದಾರಿಯಲ್ಲಿ ಪೇಡ ತಂದೆವು. ಆ ಖುಷಿಯಲ್ಲೇ ನಾನು ಅವನಿಗೆ "ಇನ್ನು ನಾಟಕ ಎಲ್ಲ ಬಂದ್" ಅಂದೆ.

ಅವನು ಏನೂ ಹೇಳಲಿಲ್ಲ. ಪೇಡವನ್ನೂ ತಿನ್ನಲಿಲ್ಲ. ಆ ರಾತ್ರಿ ದಿಂಬು ಹೊದಿಕೆ ಎತ್ತಿಕೊಂಡು ಅಪ್ಪ ಅಮ್ಮನ ಕೋಣೆಗೆ ಹೋಗಿ ಮಲಗಿದ. "ಅಜ್ಜ ನಂಬಲ್ಲ" ಎಂದು ಅಮ್ಮನ ಹತ್ತಿರ ಹೇಳಿದನಂತೆ. ನನ್ನ ಪಕ್ಕದ ಹಾಸಿಗೆ ಖಾಲಿ ಬಿದ್ದಿತ್ತು. ನನಗೆ ನಿದ್ದೆ ಬರಲಿಲ್ಲ.

ನಿದ್ದೆ ಬಾರದ ಆ ರಾತ್ರಿ ನೆನಪಾದವಳು ನನ್ನ ಸೋದರತ್ತೆ. ನಾನು ಚಿಕ್ಕವನಿದ್ದಾಗ ಅವಳು ನಮ್ಮ ಮನೆಯಲ್ಲೇ ಇದ್ದಳು. ಅವಳಿಗೆ ಫಿಟ್ಸ್ ಬರುತ್ತಿತ್ತು. ಬಂದಾಗ ಯಾರಾದರೂ ಓಡಿಹೋಗಿ ಕಬ್ಬಿಣದ ಬೀಗದ ಕೈ ತಂದು ಅವಳ ಅಂಗೈಯಲ್ಲಿ ಒತ್ತುತ್ತಿದ್ದರು. ಮೂಗಿಗೆ ಈರುಳ್ಳಿ ಹಿಡಿಯುತ್ತಿದ್ದರು. ಒಮ್ಮೆ ಯಾರೋ ಹೇಳಿದರೆಂದು ಬರೆ ಹಾಕಿಸಿದ್ದರು. ಅದರ ಗುರುತು ಅವಳ ತೋಳಿನ ಮೇಲೆ ಕೊನೆಯವರೆಗೂ ಇತ್ತು. ಒಲೆಯ ಹತ್ತಿರ ಬಿಡುತ್ತಿರಲಿಲ್ಲ, ಬಾವಿಯ ಹತ್ತಿರ ಬಿಡುತ್ತಿರಲಿಲ್ಲ, ಮದುವೆ ಮನೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ. ನೆಂಟರು ಬಂದರೆ ಹಿಂದಿನ ಕೋಣೆಯೇ ಅವಳ ಜಾಗ. ಅಲ್ಲಿ ಕೂತು ಹೂ ಕಟ್ಟುತ್ತಿದ್ದಳು. ನನಗೆ ರಾಶಿ ಕಥೆ ಹೇಳಿದವಳು ಅವಳೇ. ಈಗ ನಾನು ಮೊಮ್ಮಗನಿಗೆ ಹೇಳುವ ಕಥೆಗಳಲ್ಲಿ ಅರ್ಧ ಅವಳವು. ಆದರೂ ಅವಳಿಗೆ ಫಿಟ್ಸ್ ಬಂದಾಗ ನಾನು ಅಟ್ಟಕ್ಕೆ ಓಡಿ ಬಚ್ಚಿಟ್ಟುಕೊಳ್ಳುತ್ತಿದ್ದೆ. ಅವಳಿಗೆ ಏನಾಗುತ್ತದೆ ಎಂದು ಯಾರೂ ಅವಳನ್ನೇ ಕೇಳಿದ್ದು ನನಗೆ ನೆನಪಿಲ್ಲ.

ಬೆಳಿಗ್ಗೆ ಎದ್ದು ಮಗನಿಗೆ ಹೇಳಿದೆ: "ಬೆಂಗಳೂರಿಗೆ ಹೋಗೋಣ. ಇನ್ನೊಂದು ಸಲ ತೋರಿಸೋಣ." ಸೊಸೆ ಕಣ್ಣೀರು ಹಾಕಿಕೊಂಡು, "ಹೋಗೋಣ ಮಾವ. ಆದ್ರೆ ಸದ್ಯಕ್ಕೆ ಯಾರಿಗೂ ಹೇಳೋದು ಬೇಡ" ಅಂದಳು. ಅವಳ ಭಯ ನನಗೆ ಅರ್ಥವಾಯಿತು. ಆ ಭಯ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ನೋಡಿದವರು ಮಕ್ಕಳ ನರರೋಗ ತಜ್ಞೆ. ಅವರು ಮೊದಲು ನಮ್ಮ ಹತ್ತಿರ ಮಾತಾಡಲಿಲ್ಲ. ಹುಡುಗನನ್ನು ಎದುರು ಕೂರಿಸಿಕೊಂಡು "ನೀನೇ ಹೇಳಪ್ಪ, ಏನಾಗುತ್ತೆ?" ಎಂದು ಕೇಳಿದರು. ಅವನು ಎಲ್ಲ ಹೇಳಿದ. ಬಾಯೊಳಗೆ ಜುಮ್ಮೆನ್ನುವುದು, ನಾಲಿಗೆ ದಪ್ಪ ಆಗುವುದು, ಕೇಳಿಸಿದರೂ ಉತ್ತರ ಬಾರದಿರುವುದು. ಡಾಕ್ಟರು ಒಂದೊಂದನ್ನೂ ಬರೆದುಕೊಂಡರು. ನಾನು ನಕ್ಕು ತಳ್ಳಿಹಾಕಿದ್ದ ಮಾತು ಅವರಿಗೆ ಮುಖ್ಯ ಸಾಕ್ಷಿಯಾಗಿತ್ತು. ಮಗನ ವಿಡಿಯೊವನ್ನು ಎರಡು ಸಲ ನೋಡಿದರು.

"ಆದರೆ ಇಇಜಿ ನಾರ್ಮಲ್ ಬಂದಿದೆಯಲ್ಲ ಮೇಡಂ?" ಎಂದೆ.

"ಸರ್, ಕಳ್ಳ ಬರೋದು ರಾತ್ರಿ. ನಾವು ಕಾವಲು ಹಾಕಿದ್ದು ಮಧ್ಯಾಹ್ನ ಅರ್ಧ ಗಂಟೆ" ಅಂದರು. ಇಇಜಿ ನಾರ್ಮಲ್ ಎಂದರೆ ಆ ಅರ್ಧ ಗಂಟೆಯಲ್ಲಿ ಏನೂ ಸಿಗಲಿಲ್ಲ ಎಂದಷ್ಟೇ ಅರ್ಥ, ಕಾಯಿಲೆಯೇ ಇಲ್ಲ ಎಂದಲ್ಲ ಎಂದು ಬಿಡಿಸಿ ಹೇಳಿದರು.

ಇದು ನನಗೆ ಬೇಗ ತಲೆಗೆ ಹೋಯಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದವನು ನಾನು. ಇನ್ಸ್‌ಪೆಕ್ಷನ್ನಿಗೆ ಬಂದವರು ಅರ್ಧ ಗಂಟೆ ಕೂತು ನಾಲ್ಕು ಪುಟ ತಿರುವಿ ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಹೋದ ಮೇಲೂ, ಸಂಜೆ ಟ್ಯಾಲಿ ಮಾಡುವಾಗ ವ್ಯತ್ಯಾಸ ಬರುತ್ತಿತ್ತು. ಅದನ್ನು ಹಿಡಿಯಲು ಇಡೀ ದಿನದ ವೋಚರುಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕು. ಡಾಕ್ಟರು ಹೇಳಿದ ಪರೀಕ್ಷೆಯೂ ಅಂಥದ್ದೇ. ಅದಕ್ಕೆ ಆಂಬ್ಯುಲೇಟರಿ ಇಇಜಿ ಎನ್ನುತ್ತಾರೆ. ಯಂತ್ರವನ್ನು ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. ಒಂದು ದಿನವೋ, ಎರಡು ಮೂರು ದಿನವೋ, ಮಗು ಉಂಡು, ಆಡಿ, ತನ್ನ ಪಾಡಿಗೆ ಮಲಗಿ ಏಳುವವರೆಗೂ ಅದು ಮಿದುಳಿನ ಅಲೆಗಳನ್ನು ಬರೆದುಕೊಳ್ಳುತ್ತಲೇ ಇರುತ್ತದೆ. ನಮ್ಮವನಿಗೆ 24 ಗಂಟೆಯದು ಎಂದಾಯಿತು. ಬೆಂಗಳೂರಿನಲ್ಲಿ ನನ್ನ ತಮ್ಮನ ಮನೆ ಇತ್ತು, ಉಳಿಯಲು ತೊಂದರೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೋದರೆ ಮೊದಲನೆಯ ಎಡವಟ್ಟು. ತಲೆ ತೊಳೆದು ಎಣ್ಣೆ ಹಚ್ಚದೆ ಬರಬೇಕೆಂದು ಚೀಟಿಯಲ್ಲಿ ಬರೆದಿದ್ದರು. ನಮ್ಮ ಮನೆಯವಳು, "ಆಸ್ಪತ್ರೆಗೆ ಹೋಗುವಾಗ ಕೆದರಿದ ತಲೆಯಲ್ಲಿ ಹೋಗ್ತಾನಾ?" ಎಂದು ಕೊಬ್ಬರಿ ಎಣ್ಣೆ ತಟ್ಟಿ ಬೈತಲೆ ತೆಗೆದು ಬಾಚಿದ್ದಳು. ಟೆಕ್ನೀಷಿಯನ್ ಹುಡುಗಿ ನಕ್ಕು, ಅಲ್ಲೇ ಶಾಂಪೂ ಹಾಕಿ ತೊಳೆಸಿದಳು. ಎಣ್ಣೆ ಇದ್ದರೆ ಬಿಲ್ಲೆ ಅಂಟುವುದಿಲ್ಲ, ಸಂಕೇತವೂ ಸರಿಯಾಗಿ ದಾಟುವುದಿಲ್ಲವಂತೆ.

ಆಮೇಲೆ ಅವಳು ಟೇಪು ಹಿಡಿದು ತಲೆ ಅಳೆಯತೊಡಗಿದಳು. ಮೂಗಿನ ಬುಡದಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಒಂದು ಕಿವಿಯ ಮುಂದಿನಿಂದ ಇನ್ನೊಂದು ಕಿವಿಯ ಮುಂದಕ್ಕೆ. ಆ ಉದ್ದವನ್ನು ಶೇಕಡಾ 10 ಮತ್ತು ಶೇಕಡಾ 20ರ ಲೆಕ್ಕದಲ್ಲಿ ಭಾಗಿಸಿ ಪೆನ್ಸಿಲಿನಿಂದ ಗುರುತು ಹಾಕಿದಳು. ಶೇಕಡಾ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಇದಕ್ಕೆ 10-20 ಪದ್ಧತಿ ಎಂದೇ ಹೆಸರು. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ್ದು. ತಲೆ ಚಿಕ್ಕದಿರಲಿ ದೊಡ್ಡದಿರಲಿ, ಶೇಕಡಾವಾರು ಹಂಚಿದರೆ ಬಿಲ್ಲೆಗಳು ಎಲ್ಲರ ತಲೆಯಲ್ಲೂ ಅದೇ ಜಾಗಕ್ಕೆ ಬರುತ್ತವೆ. ಎಡಗಡೆಯ ಬಿಲ್ಲೆಗಳಿಗೆ ಬೆಸ ಸಂಖ್ಯೆ, ಬಲಗಡೆಯವಕ್ಕೆ ಸಮ ಸಂಖ್ಯೆ. "ಎಡಕ್ಕೆ 1, 3, 5, 7. ಬಲಕ್ಕೆ 2, 4, 6, 8" ಎಂದು ಮೊಮ್ಮಗ ಕನ್ನಡಿಯಲ್ಲಿ ನೋಡಿಕೊಂಡು ಎಣಿಸಿದ.

ಗುರುತಿನ ಜಾಗವನ್ನು ಸ್ವಲ್ಪ ಉಜ್ಜಿ, ಪೇಸ್ಟು ಹಚ್ಚಿ, ಪುಟ್ಟ ಲೋಹದ ಬಿಲ್ಲೆಗಳನ್ನು ಒಂದೊಂದಾಗಿ ಅಂಟಿಸಿದಳು. ಸೂಜಿ ಇಲ್ಲ, ನೋವಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬಣ್ಣದ ವೈರುಗಳು ಹಿಂದಕ್ಕೆ ಜಡೆಯಂತೆ ಇಳಿದವು. ಮೇಲೆ ಬಿಳಿ ಬ್ಯಾಂಡೇಜು ಸುತ್ತಿದರೆ ಥೇಟ್ ಮುಂಡಾಸು. ವೈರುಗಳ ತುದಿ ಸೇರಿದ್ದು ಒಂದು ಪುಟ್ಟ ಪೆಟ್ಟಿಗೆಗೆ. ಅದನ್ನು ಚೀಲದಲ್ಲಿ ಹಾಕಿ ಸೊಂಟಕ್ಕೆ ಕಟ್ಟಿದಳು. ಹಿಂದೆ ಹೀಗಿರಲಿಲ್ಲ. ನಡೆದಾಡುವವನ ಹೃದಯದ ಬಡಿತವನ್ನು ದಾಖಲಿಸಲು 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಮಾಡಿದ ಮೊದಲ ಯಂತ್ರ ಬೆನ್ನಿಗೆ ಹೊರಬೇಕಾಗಿತ್ತು. ಅದರ ತೂಕ ಸುಮಾರು 38 ಕಿಲೋ! ಮಿದುಳಿನ ಅಲೆಗಳನ್ನು ಕ್ಯಾಸೆಟ್ ಟೇಪಿನಲ್ಲಿ ಹಿಡಿಯುವ ಹೊರಬಹುದಾದ ಯಂತ್ರಗಳು 1970ರ ದಶಕದಲ್ಲಿ ಬಂದವು. ಈಗಿನದನ್ನು ಎಂಟು ವರ್ಷದ ಹುಡುಗ ಕಟ್ಟಿಕೊಂಡು ಓಡಾಡುತ್ತಾನೆ.

ಪೆಟ್ಟಿಗೆಯಲ್ಲಿ ಒಂದು ಗುಂಡಿ ಇತ್ತು. ಏನಾದರೂ ಅನುಮಾನ ಬಂದಾಗ ಅದನ್ನು ಒತ್ತಬೇಕು, ಜೊತೆಗೆ ಸಮಯವನ್ನು ಡೈರಿಯಲ್ಲಿ ಬರೆಯಬೇಕು. ಯಾವಾಗ ಉಂಡ, ಯಾವಾಗ ಮಲಗಿದ, ಯಾವಾಗ ತಲೆ ಕೆರೆದುಕೊಂಡ, ಎಲ್ಲವೂ ಬೇಕು. "ಡೈರಿ ಬರೆಯೋರು ಯಾರು?" ಎಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಿವೃತ್ತನಾದ ಮೇಲೆ ಇಷ್ಟು ಜವಾಬ್ದಾರಿಯ ಪುಸ್ತಕ ನನ್ನ ಕೈಗೆ ಬಂದದ್ದು ಅದೇ ಮೊದಲು.

ಮನೆಗೆ ಬಂದ ಮೇಲೆ ಹುಡುಗ ಆರಾಮಾಗಿದ್ದ. ತಮ್ಮನ ಮೊಮ್ಮಕ್ಕಳ ಜೊತೆ ಕೇರಂ ಆಡಿದ. ಚಕ್ಕುಲಿ ತಿಂದ. ಗಾಬರಿಯಿದ್ದದ್ದು ನನಗೇ. ಮಧ್ಯಾಹ್ನ ಅವನು ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕೂತ. ನಾನು ಗುಂಡಿ ಒತ್ತಿದೆ. ಸಂಜೆ ಕರೆದರೂ ತಿರುಗಲಿಲ್ಲ, ಮತ್ತೆ ಒತ್ತಿದೆ. ರಾತ್ರಿ ಊಟದಲ್ಲಿ ತುತ್ತು ಕೈಯಲ್ಲೇ ಹಿಡಿದು ನಿಂತ, ಇನ್ನೊಮ್ಮೆ ಒತ್ತಿದೆ.

ರಾತ್ರಿ ಮಲಗುವ ಹೊತ್ತಿಗೆ ಡೈರಿ ಹಿಡಿದು ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. "ಅಜ್ಜ, ನೀನು ನಿದ್ದೆ ಮಾಡಲ್ವಾ?" ಎಂದು ಕೇಳಿದ. "ಇಲ್ಲ ಮರಿ. ಅವತ್ತು ನಾನು ನಿನ್ನ ಮಾತು ನಂಬಲಿಲ್ಲ. ತಪ್ಪಾಯ್ತು. ಇವತ್ತು ನೋಡ್ತಾ ಕೂತಿರ್ತೀನಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಒಂದು ಕಥೆ ಹೇಳು. ನೀನು ಹೇಗೂ ಗೊರಕೆ ಹೊಡೆಯಲ್ವಲ್ಲ" ಅಂದ. ಸೋದರತ್ತೆ ಹೇಳಿದ ಕಥೆಯನ್ನೇ ಹೇಳಿದೆ. ಡೈರಿಯಲ್ಲಿ ಬರೆದೆ: "9.40. ನಿದ್ದೆ."

ಬೆಳಗಿನವರೆಗೂ ಕಾದೆ. ಏನೂ ಆಗಲಿಲ್ಲ. ಬೇಕಾದಾಗ ಬರುವುದಿಲ್ಲವಲ್ಲ, ಇಷ್ಟೆಲ್ಲ ವ್ಯರ್ಥವಾಯಿತೇ ಎಂದು ಪೇಚಾಡಿಕೊಂಡೆ. ಮೊಮ್ಮಗನಿಗೆ ಫಿಟ್ಸ್ ಬರಲಿಲ್ಲವೆಂದು ಬೇಸರ ಮಾಡಿಕೊಂಡ ಅಜ್ಜ ನಾನೊಬ್ಬನೇ ಇರಬೇಕು!

ಎರಡು ದಿನ ಬಿಟ್ಟು ಡಾಕ್ಟರು ನಮ್ಮನ್ನು ಕಂಪ್ಯೂಟರ್ ಎದುರು ಕೂರಿಸಿಕೊಂಡು ತೋರಿಸಿದರು. ಪರದೆ ತುಂಬ ಸಾಲು ಸಾಲು ಗೆರೆಗಳು. ಒಂದು ಕಡೆ ಗೆರೆಗಳೆಲ್ಲ ದಪ್ಪಗೆ ಕಪ್ಪಾಗಿ ಗೀಚಿದಂತಿದ್ದವು. ನನ್ನ ಎದೆ ಧಸಕ್ಕೆಂದಿತು. ಡಾಕ್ಟರು ಡೈರಿ ನೋಡಿ, "4.15, ಚಕ್ಕುಲಿ ತಿಂದ ಅಂತ ಬರೆದಿದ್ದೀರಿ. ಇದು ಅದೇ" ಅಂದರು. ದವಡೆಯ ಸ್ನಾಯುವಿನ ವಿದ್ಯುತ್ತು ಮಿದುಳಿನ ಸಂಕೇತಕ್ಕಿಂತ ದೊಡ್ಡದಂತೆ. ಡೈರಿ ಇಲ್ಲದಿದ್ದರೆ ಇಂಥವನ್ನು ಬೇರ್ಪಡಿಸುವುದು ಕಷ್ಟ. ನಾನು ಗುಂಡಿ ಒತ್ತಿದ ಮೂರು ಜಾಗಗಳನ್ನೂ ನೋಡಿದರು. ಮೂರರಲ್ಲೂ ಅಲೆಗಳು ಸರಿಯಾಗಿಯೇ ಇದ್ದವು. "ಇಲ್ಲೆಲ್ಲ ಏನೂ ಇಲ್ಲ ಸರ್. ಹುಡುಗ ಏನೋ ಯೋಚನೆ ಮಾಡ್ತಿದ್ದ ಅಷ್ಟೇ." ಯಾವುದು ಕಾಯಿಲೆ ಎಂದು ಹೇಳುವುದರ ಜೊತೆಗೆ, ಯಾವುದು ಕಾಯಿಲೆಯಲ್ಲ ಎಂದು ಹೇಳುವುದೂ ಈ ಯಂತ್ರದ ಉಪಕಾರವೇ.

ಆಮೇಲೆ ನಿದ್ದೆಯ ಭಾಗಕ್ಕೆ ಬಂದರು. ನಾನು "9.40. ನಿದ್ದೆ" ಎಂದು ಬರೆದ ಸ್ವಲ್ಪ ಹೊತ್ತಿಗೆ, ಎಡಗಡೆಯ ಕೆಲವು ಗೆರೆಗಳಲ್ಲಿ ಮುಳ್ಳಿನಂತೆ ಚೂಪಾದ ಅಲೆಗಳು ಏಳತೊಡಗಿದ್ದವು. ಮತ್ತೆ ಮತ್ತೆ, ರಾತ್ರಿಯುದ್ದಕ್ಕೂ. ಎಚ್ಚರವಾಗುತ್ತಿದ್ದಂತೆ ಕಡಿಮೆಯಾಗಿದ್ದವು. ನಾನು ಪಕ್ಕದಲ್ಲೇ ಕಣ್ಣು ಬಿಟ್ಟುಕೊಂಡು ಕೂತಿದ್ದರೂ ಕಾಣದ್ದು ಆ ಪೆಟ್ಟಿಗೆಗೆ ಕಂಡಿತ್ತು. "ಬೆಸ ಸಂಖ್ಯೆ ಕಡೆ!" ಎಂದು ಮೊಮ್ಮಗ ಕೂಗಿದ. ಹೌದು, ಮುಖದ ಬಲಭಾಗವನ್ನು ಆಡಿಸುವುದು ಎಡಗಡೆಯ ಮಿದುಳು. ಅವನ ಬಾಯಿ ಬಲಕ್ಕೆ ಎಳೆದದ್ದಕ್ಕೂ ಇದಕ್ಕೂ ಲೆಕ್ಕ ಟ್ಯಾಲಿಯಾಯಿತು.

ಇದನ್ನು ರೊಲಾಂಡಿಕ್ ಅಪಸ್ಮಾರ ಎನ್ನುತ್ತಾರೆ. ಇಟಲಿಯ ಲೂಯಿಜಿ ರೊಲಾಂಡೊ ಎಂಬ ವೈದ್ಯನ ಹೆಸರಿನ ಮಿದುಳಿನ ಸೀಳೊಂದಿದೆ, ಅದರ ಆಸುಪಾಸಿನಲ್ಲಿ ಹುಟ್ಟುವುದರಿಂದ ಈ ಹೆಸರು. ಮಕ್ಕಳಲ್ಲಿ ಕಾಣುವ ಅಪಸ್ಮಾರಗಳಲ್ಲಿ ಇದು ಸಾಮಾನ್ಯವಾದದ್ದು, ಹೆಚ್ಚಾಗಿ ನಿದ್ದೆಯಲ್ಲೇ ಬರುವಂಥದ್ದು. ಸಮಾಧಾನದ ಸಂಗತಿಯೆಂದರೆ 15-16 ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಲ್ಲೂ ತಾನಾಗಿ ಹೋಗಿಬಿಡುತ್ತದೆ. ಅಪರೂಪಕ್ಕೆ ಬರುತ್ತಿದ್ದರೆ ಔಷಧಿಯೇ ಬೇಡ ಎನ್ನುವುದೂ ಉಂಟು. ನಮ್ಮವನಿಗೆ ಪದೇ ಪದೇ ಬಂದದ್ದರಿಂದ ಡಾಕ್ಟರು ಮಾತ್ರೆ ಶುರು ಮಾಡಿದರು. ಒಂದು ಹೊತ್ತೂ ತಪ್ಪಿಸಬಾರದು, ನಿದ್ದೆ ಕೆಡಿಸಬಾರದು, ತಾವಾಗಿ ನಿಲ್ಲಿಸಬಾರದು ಎಂದರು.

ಮಕ್ಕಳೇ, ಈ ಅಲೆ ಎಂದರೇನು ಎಂದು ನನ್ನ ಮೊಮ್ಮಗನ ಹಾಗೆ ನೀವೂ ಕೇಳಬಹುದು. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸುವುದು ಅತಿ ಸಣ್ಣ ವಿದ್ಯುತ್ತಿನ ಮೂಲಕ. ಲಕ್ಷಾಂತರ ಕೋಶಗಳು ಒಟ್ಟಿಗೆ ಮಿಡಿದಾಗ ಅದರ ಸುಳಿವು ನೆತ್ತಿಯ ಚರ್ಮದವರೆಗೂ ಬರುತ್ತದೆ. ಎಷ್ಟು ಸಣ್ಣದು ಗೊತ್ತೇ? ಗೋಡೆ ಗಡಿಯಾರದ ಒಂದು ಸೆಲ್ಲಿನಲ್ಲಿ 1.5 ವೋಲ್ಟ್ ಇರುತ್ತದೆ. ನೆತ್ತಿಯ ಮೇಲೆ ಸಿಗುವುದು ಸುಮಾರು 50 ಮೈಕ್ರೋವೋಲ್ಟ್. ಮೈಕ್ರೋ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಲೆಕ್ಕ ಹಾಕಿ ನೋಡಿ, ಸೆಲ್ಲಿನ 30,000ದಲ್ಲಿ ಒಂದು ಭಾಗ! ಅಪಸ್ಮಾರದಲ್ಲಿ ಕೆಲವು ಕೋಶಗಳು ಸರದಿ ಬಿಟ್ಟು ಒಟ್ಟಿಗೇ ಅಬ್ಬರಿಸುತ್ತವೆ. ತರಗತಿಯಲ್ಲಿ ಒಬ್ಬೊಬ್ಬರೇ ಉತ್ತರ ಹೇಳುವ ಬದಲು ಒಂದು ಬೆಂಚಿನವರೆಲ್ಲ ಕಿರುಚಿದ ಹಾಗೆ.

ಮನುಷ್ಯನ ತಲೆಯಿಂದ ಈ ಅಲೆಗಳನ್ನು ಮೊದಲು ದಾಖಲಿಸಿದವನು ಜರ್ಮನಿಯ ಯೆನಾ ಊರಿನ ಡಾಕ್ಟರು ಹಾನ್ಸ್ ಬರ್ಗರ್, 1924ರಲ್ಲಿ. ಅವನು ಯುವಕನಾಗಿ ಸೈನ್ಯದಲ್ಲಿದ್ದಾಗ ಕುದುರೆಯಿಂದ ಬಿದ್ದು ಸ್ವಲ್ಪದರಲ್ಲಿ ಬದುಕಿದನಂತೆ. ಅದೇ ದಿನ ದೂರದ ಊರಿನಿಂದ ಕ್ಷೇಮ ವಿಚಾರಿಸಿ ಮನೆಯವರ ತಂತಿ ಬಂತು. ತಮ್ಮನಿಗೇನೋ ಆಗಿದೆ ಎಂದು ಅಕ್ಕನಿಗೆ ಅನಿಸಿತ್ತು! ಮನಸ್ಸಿನ ಸುದ್ದಿ ಹೀಗೆ ದೂರ ಹೋಗಬಲ್ಲದೇ ಎಂದು ತಲೆ ಕೆಡಿಸಿಕೊಂಡು ಹೊರಟವನಿಗೆ ಅದು ಸಿಗಲಿಲ್ಲ, ಮಿದುಳಿನ ಅಲೆ ಸಿಕ್ಕಿತು. ತನ್ನ ಮಗ ಕ್ಲಾಸ್‌ನ ತಲೆಯ ಮೇಲೂ ಪ್ರಯೋಗ ಮಾಡಿದ. ಆದರೂ ಐದು ವರ್ಷ ಪರೀಕ್ಷಿಸಿ, 1929ರಲ್ಲಷ್ಟೇ ಪ್ರಕಟಿಸಿದ. ಮೊದಮೊದಲು ಯಾರೂ ಅಷ್ಟಾಗಿ ನಂಬಲಿಲ್ಲ. ನಂಬದ ಹಿರಿಯರು ಎಲ್ಲ ಕಾಲದಲ್ಲೂ ಇರುತ್ತಾರೆ.

ಈ ಯಂತ್ರ ಎಲ್ಲವನ್ನೂ ಹೇಳಿಬಿಡುತ್ತದೆ ಎಂದಲ್ಲ. ಬಿಲ್ಲೆ ಸಡಿಲವಾಗಬಹುದು. ಮನೆಯಲ್ಲಿ ಆಸ್ಪತ್ರೆಯ ಹಾಗೆ ಯಾರೂ ಕಣ್ಣಿಟ್ಟು ನೋಡುತ್ತಿರುವುದಿಲ್ಲ. ಕೆಲವರಿಗೆ ಆಸ್ಪತ್ರೆಯಲ್ಲೇ ಇದ್ದು ವಿಡಿಯೊ ಜೊತೆಗೆ ಇಇಜಿ ಮಾಡಿಸಬೇಕಾಗುತ್ತದೆ. ಕೊನೆಗೆ ತೀರ್ಮಾನ ಮಾಡುವುದು ಡಾಕ್ಟರು. ಅದೂ ಮಗುವಿನ ಮಾತು, ನೋಡಿದವರ ಮಾತು, ವಿಡಿಯೊ, ಗೆರೆ ಎಲ್ಲವನ್ನೂ ಕೂಡಿಸಿ.

ಊರಿಗೆ ಬಂದ ಮೇಲೆ ಸೊಸೆಯೇ ಶಾಲೆಗೆ ಹೋಗಿ ಕ್ಲಾಸ್ ಮಿಸ್ಸಿಗೆ ಎಲ್ಲ ಹೇಳಿ ಬಂದಳು. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಡಾಕ್ಟರು ಬರೆದುಕೊಟ್ಟ ಚೀಟಿಯ ನಕಲೂ ಕೊಟ್ಟಳು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದು ಇಡಿ. ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಗಡಿಯಾರ ನೋಡಿ, 5 ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆಗೆ. ಇಷ್ಟೇ.

ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಅಪಸ್ಮಾರ ಇದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ 100ಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚರಕ ಸಂಹಿತೆಯ ಕಾಲದಲ್ಲೇ ಇದನ್ನು ಕಾಯಿಲೆ ಎಂದು ಬರೆದು ಮದ್ದು ಹುಡುಕಿದ್ದರು. ನಮ್ಮ ಹಿಂದೂ ವಿವಾಹ ಕಾನೂನಿನಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರದ ಮಾತನ್ನು 1999ರಲ್ಲಿ ತೆಗೆದುಹಾಕಿದರು. ಸೋದರತ್ತೆ ಅಷ್ಟು ವರ್ಷ ಬದುಕಲಿಲ್ಲ. ಹಿಂದಿನ ಕೋಣೆಯಲ್ಲಿ ಹೂ ಕಟ್ಟುತ್ತಲೇ ಹೋದಳು.

ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಮಾತು. ಮಗು ಬಂದು ವಿಚಿತ್ರವಾದದ್ದೇನಾದರೂ ಹೇಳಿದರೆ ನಗಬೇಡಿ. ತಾರೀಕು, ಸಮಯ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳೇ, ನಿಮ್ಮ ಮೈಯಲ್ಲಿ ಆಗುವುದು ನಿಮಗೇ ಮೊದಲು ಗೊತ್ತಾಗುವುದು. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳಿ. ನಂಬುವವರು ಸಿಗುವವರೆಗೂ ಹೇಳಿ.

ಮಾತ್ರೆ ಶುರುವಾದ ಮೇಲೆ ಒಂದೇ ಒಂದು ಸಲ ಬಂದಿತ್ತು, ಅದಾಗಿ ಒಂದು ವರ್ಷದ ಮೇಲಾಯಿತು. ಬೆಳಿಗ್ಗೆ ರಾತ್ರಿ ಮಾತ್ರೆ ಕೊಟ್ಟು ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುವುದು ನನ್ನ ಕೆಲಸ. ಈ ಲೇಖನ ಬರೆಯಲೇ ಎಂದು ಮೊಮ್ಮಗನನ್ನೇ ಕೇಳಿದೆ. "ಬರಿ. ಆದ್ರೆ ನೀನು ಸುಮ್ಮಸುಮ್ಮನೆ ಮೂರು ಸಲ ಗುಂಡಿ ಒತ್ತಿದ್ದೂ ಬರೀಬೇಕು" ಎಂದು ಷರತ್ತು ಹಾಕಿದ. ಬರೆದಿದ್ದೇನೆ.

ಬೆಂಗಳೂರಿನಿಂದ ಬಂದ ರಾತ್ರಿಯೇ ಅವನ ದಿಂಬು, ಹೊದಿಕೆ ನನ್ನ ಪಕ್ಕಕ್ಕೆ ವಾಪಸು ಬಂದಿದ್ದವು. ಗೊರಕೆಯ ದೂರು ಮಾತ್ರ ಹಾಗೆಯೇ ಇದೆ.